ಗಿಟ್‌ಹಬ್: ಹಾಜರಿ ಪುಸ್ತಕವೇ, ಕಮ್ಮಟವೇ?

ಗಣಕಶಾಸ್ತ್ರವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳಲ್ಲಿ ಗಿಟ್‌ಹಬ್ಬಿನ ಹೆಸರನ್ನು ಕೇಳದವರು ವಿರಳ. ಆದರೆ ಅವರಲ್ಲಿ ಅನೇಕರು ಅದನ್ನು ಬಳಸುವ ಬಗೆಯನ್ನು ನೋಡಿದರೆ, ಗ್ರಂಥಭಂಡಾರಕ್ಕೆ ಹೋಗಿ, ಒಂದು ಪುಸ್ತಕವನ್ನೂ ಮುಟ್ಟದೆ, ಹಾಜರಿಗೆ ರುಜು ಹಾಕಿ ಹಿಂದಿರುಗುವವರ ನೆನಪಾಗುವುದು. ವರ್ಷದ ಕೊನೆಯಲ್ಲಿ ಪ್ರಾಜೆಕ್ಟಿನ ಕಡತಗಳನ್ನೆಲ್ಲ ಒಂದೇ ಸಲಕ್ಕೆ ಅಲ್ಲಿ ಸುರಿದು, ನೌಕರಿಯ ಅರ್ಜಿಯಲ್ಲಿ ಅದರ ವಿಳಾಸವನ್ನು ಕಾಣಿಸಿದರೆ ಕೆಲಸ ಮುಗಿಯಿತೆಂದು ಅವರ ಎಣಿಕೆ. ಇದು ತಪ್ಪೆಣಿಕೆಯೆಂದು ನಾವು ಭಾವಿಸುತ್ತೇವೆ.

ಗಿಟ್‌ಹಬ್ಬಿಗೆ ತಳಹದಿಯಾದುದು ಗಿಟ್ ಎಂಬ ಸಾಧನ. ಲಿನಕ್ಸ್ ಕರ್ನಲ್ಲನ್ನು ಕಟ್ಟುತ್ತಿದ್ದವರು ಅದುವರೆಗೆ ನೆಚ್ಚಿದ್ದ ಬಿಟ್‌ಕೀಪರ್ ತಂತ್ರಾಂಶವನ್ನು ಉಚಿತವಾಗಿ ಬಳಸುವ ಅನುಮತಿ ತಪ್ಪಿಹೋದಾಗ, ಲಿನಸ್ ಟೊರ್ವಾಲ್ಡ್ಸ್ ಅವರು 2005ರ ಏಪ್ರಿಲಿನಲ್ಲಿ, ಕೆಲವೇ ದಿನಗಳಲ್ಲಿ, ಇದರ ಮೊದಲ ರೂಪವನ್ನು ಸಿದ್ಧಪಡಿಸಿದರು. ಗಿಟ್‌ಹಬ್ ಸಾರ್ವಜನಿಕರಿಗೆ ತೆರೆದುದು 2008ರಲ್ಲಿ. 2018ರಲ್ಲಿ ಅದು ಮೈಕ್ರೋಸಾಫ್ಟ್ ಸಂಸ್ಥೆಯ ಸ್ವತ್ತಾಯಿತು.

ಗಿಟ್ಟಿನ ಮರ್ಮವು ಅದರ ಕಮಿಟ್ಟಿನಲ್ಲಿದೆ. ಆ ಕ್ಷಣದ ಕಡತಗಳ ಸ್ಥಿತಿ, ಬರೆದವರ ಹೆಸರು, ವೇಳೆ, ಒಂದು ಒಕ್ಕಣೆ, ಹಿಂದಿನ ಕಮಿಟ್ಟಿನ ಗುರುತು, ಇವೆಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿ, ಸಾಮಾನ್ಯವಾಗಿ 40 ಚಿಹ್ನೆಗಳ ಒಂದು ಹೆಸರನ್ನು ಅದು ಕಟ್ಟುವುದು. ಹಳೆಯ ಕಮಿಟ್ಟಿನಲ್ಲಿ ಒಂದಕ್ಷರ ಬದಲಾದರೂ ಅದರ ಹೆಸರೂ, ಅದರ ಮುಂದಿನ ಸಂತತಿಯ ಹೆಸರುಗಳೂ ಬದಲಾಗಿಬಿಡುವುವು. ಗುಟ್ಟಾಗಿ ತಿದ್ದುವುದು ಸುಲಭವಲ್ಲ. ಆದರೆ ಏನು ಬದಲಾಯಿತೆಂದು ಯಂತ್ರ ಹೇಳಬಲ್ಲುದೇ ಹೊರತು, ಏಕೆ ಬದಲಾಯಿತೆಂದು ಹೇಳಲಾರದು. ಅದನ್ನು ಒಕ್ಕಣೆಯಲ್ಲಿ ನಾವೇ ಬರೆಯಬೇಕು. ‘ಅಪ್‌ಡೇಟ್’, ‘ಫೈನಲ್’, ಮತ್ತೆ ‘ಫೈನಲ್’ ಎಂದು ಬರೆದವನಿಗೆ ಆರು ತಿಂಗಳ ಮೇಲೆ ತನ್ನ ಕೆಲಸವೇ ಪರಕೀಯವಾಗಿ ತೋರುವುದು. (ಇದು ನಮ್ಮ ಸ್ವಂತ ಅನುಭವವೂ ಹೌದು!)

ಆದುದರಿಂದ ಬರೆಯುವ ಮುನ್ನ ಓದುವುದನ್ನು ಕಲಿಯಬೇಕು. ನೀವು ದಿನವೂ ಬಳಸುವ ಯಾವುದಾದರೊಂದು ಮುಕ್ತ ತಂತ್ರಾಂಶದಲ್ಲಿ ವಿಚಿತ್ರವಾಗಿ ತೋರುವ ಒಂದು ಸಾಲನ್ನು ಆರಿಸಿಕೊಳ್ಳಿ. ‘ಬ್ಲೇಮ್’ ಎಂಬ ಗುಂಡಿಯನ್ನು ಒತ್ತಿದರೆ ಆ ಸಾಲನ್ನು ಯಾರು, ಯಾವ ಕಮಿಟ್ಟಿನಲ್ಲಿ ತಂದರೆಂಬುದು ಕಾಣುವುದು. ಅನೇಕ ಸಲ ಅಲ್ಲಿಂದ ಅದರ ಹಿಂದಿನ ಚರ್ಚೆಯನ್ನೂ ಮುಟ್ಟಬಹುದು. ನುರಿತವರು ಹೇಗೆ ಎಡವುವರು, ಹೇಗೆ ವಾದಿಸಿ ಒಪ್ಪುವರು ಎಂಬುದನ್ನು ಯಾವ ಪಠ್ಯಪುಸ್ತಕವೂ ಇಷ್ಟು ಬಿಚ್ಚಿ ತೋರಿಸದು.

ಎಣಿಕೆಯ ಹಿಂದೆ ಬಿದ್ದರೆ ಏನಾಗುವುದೆಂಬುದು 2020ರ ಅಕ್ಟೋಬರಿನಲ್ಲಿ ಕಂಡುಬಂದಿತು. ನಾಲ್ಕು ಪುಲ್ ರಿಕ್ವೆಸ್ಟುಗಳನ್ನು ಕಳುಹಿಸಿದವರಿಗೆ ಟೀ ಶರ್ಟು ಕೊಡುವ ‘ಹ್ಯಾಕ್ಟೋಬರ್‌ಫೆಸ್ಟ್’ ಏರ್ಪಾಟಿನಲ್ಲಿ, ಒಂದೆರಡು ಪದಗಳನ್ನು ಸುಮ್ಮನೆ ಸೇರಿಸಿದ ನಿರರ್ಥಕ ತಿದ್ದುಪಡಿಗಳು ಪ್ರವಾಹದಂತೆ ಬಂದುವು. ಸಂಬಳವಿಲ್ಲದೆ ದುಡಿಯುವ ಎಷ್ಟೋ ಪಾಲಕರ ವೇಳೆ ಅವನ್ನು ಗುಡಿಸುವುದರಲ್ಲೇ ಕಳೆಯಿತು. ಕೊನೆಗೆ, ತಾವಾಗಿ ಒಪ್ಪಿದ ಯೋಜನೆಗಳು ಮಾತ್ರ ಲೆಕ್ಕಕ್ಕೆ ಬರತಕ್ಕದ್ದೆಂದು ನಿಯಮವನ್ನು ಬದಲಿಸಬೇಕಾಯಿತು.

ಹಾಗಾದರೆ ಹೊಸಬನು ಕೊಡಬಹುದಾದುದೇನು? ಕನ್ನಡಿಗನಿಗೆ ಒಂದು ಕ್ಷೇತ್ರ ಕಣ್ಣೆದುರಿಗೇ ಇದೆ. ಪರದೆಯ ಮೇಲೆ ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್ ತಂತ್ರಾಂಶವೂ ನೋಟೋ ಕನ್ನಡ ಫಾಂಟುಗಳೂ ಗಿಟ್‌ಹಬ್ಬಿನಲ್ಲಿ ತೆರೆದಿಟ್ಟ ಯೋಜನೆಗಳು. ‘ರ‍್ಯಾಂಕ್’ ಎಂಬಲ್ಲಿ ರಕಾರವು ಮೇಲೆ ನಿಂತು ಯಕಾರವು ಒತ್ತಾಗಬೇಕು; ಅದರ ಬದಲು ಅರ್ಕಾವೊತ್ತು ಮೂಡಿದರೆ, ತಪ್ಪಾಯಿತೆಂದು ಕನ್ನಡ ಬಲ್ಲ ಹುಡುಗನಿಗೆ ಒಡನೆಯೇ ತಿಳಿಯುವುದು; ಕನ್ನಡವರಿಯದ ಎಂಜಿನಿಯರಿಗೆ ತಿಳಿಯದು. ಇಂತಹ ದೋಷ ಕಂಡಾಗ, ಅದನ್ನು ಮೊದಲೇ ಯಾರಾದರೂ ತಿಳಿಸಿರುವರೇ ಎಂದು ಹುಡುಕಿ, ಇಲ್ಲವಾದರೆ ಯಾವ ಫಾಂಟು, ಯಾವ ಆವೃತ್ತಿ, ಬೆರಳಚ್ಚಿಸಿದುದೇನು, ಕಂಡುದೇನು, ಕಾಣಬೇಕಾದುದೇನು ಎಂಬುದನ್ನು ಚಿತ್ರಸಹಿತ ಬರೆದು ಕಳುಹಿಸಬಹುದು. ಉತ್ತರ ಬರಲು ಕೆಲವು ವಾರಗಳು ಹಿಡಿದಾವು. ಬಹುಶಃ ಮೊದಲು ಬರುವುದು ಉತ್ತರವಲ್ಲ, ಇನ್ನೊಂದು ಪ್ರಶ್ನೆ.