ಮುಂಗಡ ಕೇಳುವ ಮಾಯೆ

ಭೋಗಭೂಮಿಯ ಕಾಲ ಮುಗಿದು ಕಲ್ಪವೃಕ್ಷಗಳು ಒಂದೊಂದಾಗಿ ಕ್ಷೀಣಿಸಿದಾಗ, ಹಸಿದ ಪ್ರಜೆಗಳು ಭಗವಾನ್ ವೃಷಭದೇವರ ಸನ್ನಿಧಿಗೆ ಬಂದು ಕೈಮುಗಿದು ನಿಂತರು. ಕೇಳಿದ್ದನ್ನು ಕೊಡುವ ಮರಗಳು ಉಳಿದಿಲ್ಲ, ಬದುಕುವ ಬಗೆಯಾದರೂ ತಿಳಿಯದು ಎಂಬುದು ಅವರ ಮೊರೆ. ಸ್ವಾಮಿಯು ಅವರಿಗೆ ಅಸಿ, ಮಷಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪವೆಂಬ ಷಟ್ಕರ್ಮಗಳನ್ನು ಬೋಧಿಸಿದರು. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಬರುವ ಈ ಪ್ರಸಂಗವನ್ನು ಬಸದಿಯ ಪ್ರವಚನದಲ್ಲಿ ಕೇಳದ ಶ್ರಾವಕರು ವಿರಳ. ಅದೇ ಆದಿನಾಥ ಚರಿತೆಯನ್ನು 941ರಲ್ಲಿ ಪಂಪನು ಕನ್ನಡಕ್ಕೆ ತಂದನು. ಕರ್ಮಭೂಮಿಯಲ್ಲಿ ಜನರಿಗೆ ಮೊದಲು ಉದ್ಯೋಗ ತೋರಿಸಿದ ಆ ಮಹಾಪುರುಷರು ಯಾರಿಂದಲೂ ನೋಂದಣಿ ಶುಲ್ಕ ಪಡೆದದ್ದು ಯಾವ ಪುರಾಣದಲ್ಲಿಯೂ ಇಲ್ಲ.

ಇಂದು ಕೃಷ್ಣಾ ತೀರದ ಸತ್ತಿಯಂತಹ ಗ್ರಾಮಗಳಲ್ಲಿ ಮತ್ತೊಂದು ಬಗೆಯ ಕಲ್ಪವೃಕ್ಷದ ಮಾತು ಕೇಳಿಬರುತ್ತಿದೆ. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಭಾಗದ ಒಕ್ಕಲು ಮನೆಗಳಲ್ಲಿ ಹೊಲ ಹಂಚಿಹೋಗಿ ಎಕರೆ ಗುಂಟೆಯಾಗಿದೆ. ಐ.ಟಿ.ಐ., ಡಿಪ್ಲೊಮಾ, ಪದವಿ ಮುಗಿಸಿದ ಮಗನಿಗೆ ಕೊಲ್ಲಾಪುರ, ಪುಣೆಯ ಕಾರ್ಖಾನೆಗಳಲ್ಲಿ ದೊರೆಯುವುದು ಬಹುತೇಕ ಗುತ್ತಿಗೆಯ ಕೆಲಸ. ಅಂತಹ ಮನೆಗೆ ಒಂದು ದಿನ ಫೋನ್ ಬರುತ್ತದೆ. ಇಂಥ ಕಂಪನಿಯಲ್ಲಿ ಹುದ್ದೆ ಸಿದ್ಧವಿದೆ, ಸಂಬಳ ಇಷ್ಟು, ವಸತಿ ಉಚಿತ. ನೋಂದಣಿಗೆಂದು ಎರಡು ಸಾವಿರ ಮಾತ್ರ ಕಳುಹಿಸಿ ಎಂಬ ಮೃದುವಾದ ಮಾತು. ಎರಡು ಸಾವಿರ ಹೋದ ಮೇಲೆ ವೈದ್ಯಕೀಯ ತಪಾಸಣೆ, ಅದಾದ ಮೇಲೆ ತರಬೇತಿ, ಸಮವಸ್ತ್ರ, ಲ್ಯಾಪ್‌ಟಾಪಿನ ಠೇವಣಿ. ಪ್ರತಿ ಸಲವೂ ಇದೇ ಕೊನೆಯದು. ಮುದ್ರೆ, ಸಹಿ, ಲಾಂಛನಗಳುಳ್ಳ ನೇಮಕಪತ್ರವೂ ಬರುತ್ತದೆ. ಕೊಟ್ಟ ವಿಳಾಸಕ್ಕೆ ಹುಡುಗ ಹೋಗಿ ನಿಂತಾಗ ಅಲ್ಲಿ ಆ ಹೆಸರಿನ ಕಚೇರಿಯೇ ಇರುವುದಿಲ್ಲ. ಫೋನ್ ಬಂದ್ ಆಗಿರುತ್ತದೆ. ಮನೆಯಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಕೆಲಸವೆಂದು ಹಣ ಕಟ್ಟಿಸಿಕೊಂಡು, ಬಳಿಕ ತಪ್ಪು ಮಾಡಿದ್ದೀರಿ, ದಂಡ ತೆರಿ, ಇಲ್ಲವಾದರೆ ಕೋರ್ಟಿಗೆ ಎಳೆಯುತ್ತೇವೆ ಎಂದು ಹೆದರಿಸುವವರೂ ಉಂಟು.

ಹಣ ಹೋದರೆ ಹೋಗಲಿ, ಜೀವ ಉಳಿಯಿತಲ್ಲ ಎನ್ನುವಂತೆಯೂ ಇಲ್ಲವೆಂಬುದಕ್ಕೆ ಕಲಬುರಗಿಯ ಪ್ರಕರಣ ಸಾಕ್ಷಿ. ಆ ಜಿಲ್ಲೆಯ ಮೂವರು ಯುವಕರು 2023ರ ಕೊನೆಯಲ್ಲಿ ರಷ್ಯಾಕ್ಕೆ ಹೋದರು. ಭದ್ರತಾ ಸಿಬ್ಬಂದಿಯ ಕೆಲಸ, ಸಹಾಯಕನ ಕೆಲಸ ಎಂದು ಯೂಟ್ಯೂಬ್ ವಾಹಿನಿಯೊಂದರ ಮೂಲಕ ನಂಬಿಸಿದ ದಲ್ಲಾಳಿಗಳು ತಲಾ ಸುಮಾರು 3 ಲಕ್ಷ ರೂಪಾಯಿ ಪಡೆದಿದ್ದರು. ಅಲ್ಲಿ ಓದಲು ಬಾರದ ರಷ್ಯನ್ ಭಾಷೆಯ ಕಾಗದಕ್ಕೆ ಸಹಿ ಮಾಡಿಸಿಕೊಂಡು ಸೇನೆಯ ಕೆಲಸಕ್ಕೆ ದೂಡಲಾಯಿತು. ಅದೇ ಬಲೆಗೆ ಸಿಕ್ಕ ಸೂರತ್ತಿನ, ಹೈದರಾಬಾದಿನ ಯುವಕರು ಯುದ್ಧಭೂಮಿಯಲ್ಲಿಯೇ ಪ್ರಾಣ ಕಳೆದುಕೊಂಡರು. 2024ರ ಮಾರ್ಚಿನಲ್ಲಿ ಸಿ.ಬಿ.ಐ. ದೇಶದ ಹಲವು ನಗರಗಳಲ್ಲಿ ಶೋಧ ನಡೆಸಿತು; ಜುಲೈಯಲ್ಲಿ ಪ್ರಧಾನಮಂತ್ರಿಗಳು ಮಾಸ್ಕೋದಲ್ಲಿ ರಷ್ಯಾದ ಅಧ್ಯಕ್ಷರ ಮುಂದೆ ವಿಷಯವೆತ್ತಿದರು; ಸೆಪ್ಟೆಂಬರಿನಲ್ಲಿ ಕಲಬುರಗಿಯ ಮಕ್ಕಳು ಮನೆ ಸೇರಿದರು. ಒಂದು ಮನೆಯ ಮಗನನ್ನು ಹಿಂದಕ್ಕೆ ತರಲು ಎರಡು ದೇಶಗಳ ನಾಯಕರು ಮಾತನಾಡಬೇಕಾಯಿತು. ಎಲ್ಲ ಮನೆಗಳಿಗೂ ಆ ಭಾಗ್ಯವಿರುವುದಿಲ್ಲ.

ಕಾನೂನು ಇಲ್ಲವೆಂದಲ್ಲ. 1983ರ ವಲಸೆ ಕಾಯಿದೆಯ ಪ್ರಕಾರ ವಿದೇಶಕ್ಕೆ ಕೆಲಸಗಾರರನ್ನು ಕಳುಹಿಸುವವನು ಕೇಂದ್ರ ಸರಕಾರದಲ್ಲಿ ನೋಂದಾಯಿತನಾಗಿರಬೇಕು. ಅವನು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಅದಕ್ಕೂ ರಸೀದಿ ಕೊಡಬೇಕು. ನೋಂದಾಯಿತ ಏಜೆಂಟರ ಹೆಸರುಗಳು ಇ-ಮೈಗ್ರೇಟ್ ಜಾಲತಾಣದಲ್ಲಿವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೆಯ ಒಡಂಬಡಿಕೆಯಂತೂ ಉದ್ಯೋಗ ಸಂಸ್ಥೆಗಳು ಕೆಲಸಗಾರನಿಂದ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಶುಲ್ಕ ಪಡೆಯಕೂಡದೆಂದೇ ಸಾರುತ್ತದೆ. ಭಾರತ ಅದನ್ನು ಇನ್ನೂ ಅಂಗೀಕರಿಸಿಲ್ಲ. ಸರಕಾರದ ಉದ್ಯೋಗ ವಿನಿಮಯ ಕೇಂದ್ರವಾಗಲಿ, 2015ರಿಂದ ನಡೆಯುತ್ತಿರುವ ರಾಷ್ಟ್ರೀಯ ವೃತ್ತಿ ಸೇವೆಯ ಜಾಲತಾಣವಾಗಲಿ ಹೆಸರು ಬರೆಸಲು ಹಣ ಕೇಳುವುದಿಲ್ಲ.

ಕಾನೂನಿಗಿಂತ ಬಹಳ ಹಿಂದೆಯೇ ಆಚಾರ್ಯರು ಈ ವಂಚನೆಯ ಒಂದೊಂದು ಅಂಗವನ್ನೂ ಹೆಸರಿಟ್ಟು ಗುರುತಿಸಿದ್ದಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಸತ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಮಿಥ್ಯೋಪದೇಶ, ಕೂಟಲೇಖಕ್ರಿಯೆ, ನ್ಯಾಸಾಪಹಾರಗಳನ್ನು ಎಣಿಸುತ್ತಾರೆ. ಹಿತವೆಂದು ನಂಬಿಸಿ ಅಹಿತದ ದಾರಿಗೆ ಹಚ್ಚುವುದು ಮಿಥ್ಯೋಪದೇಶ. ಸುಳ್ಳು ದಸ್ತಾವೇಜು ಬರೆಯುವುದು ಕೂಟಲೇಖ. ಇಂದಿನ ನಕಲಿ ನೇಮಕಪತ್ರ ಅದಲ್ಲದೆ ಮತ್ತೇನು? ನಂಬಿ ಇಟ್ಟ ಠೇವಣಿಯನ್ನು ನುಂಗುವುದು ನ್ಯಾಸಾಪಹಾರ. ಅಚೌರ್ಯದ ಅತಿಚಾರಗಳಲ್ಲಿ ಬರುವ ಪ್ರತಿರೂಪಕ ವ್ಯವಹಾರವೆಂದರೆ ಅಸಲಿನಂತೆ ತೋರುವ ನಕಲನ್ನು ಮಾರುವುದು. ತುಪ್ಪಕ್ಕೆ ಬೆರಕೆ ಮಾಡುವ ವ್ಯಾಪಾರಿಯನ್ನು ಕಣ್ಣಮುಂದಿಟ್ಟುಕೊಂಡು ಇದನ್ನು ವಿವರಿಸುವುದು ರೂಢಿ. ಹೆಸರಾಂತ ಕಂಪನಿಯ ಹೆಸರಿನಲ್ಲಿ ಒಂದಕ್ಷರ ಬದಲಿಸಿ ಜಾಲತಾಣ ತೆರೆಯುವವನಿಗೂ ಅದು ಅಷ್ಟೇ ಸಲ್ಲುತ್ತದೆ. ಅತಿಚಾರವೆಂಬುದು ವ್ರತ ಹಿಡಿದವನಿಂದ ಪ್ರಮಾದವಶಾತ್ ಆಗುವ ದೋಷದ ಹೆಸರು. ಅದನ್ನೇ ಉದ್ಯೋಗವಾಗಿ ಮಾಡಿಕೊಂಡವನಲ್ಲಿ ವ್ರತದ ಮಾತೇ ಉಳಿಯದು.

ಆದರೆ ದೂರದ ನಗರದಲ್ಲಿ ಕುಳಿತ ವಂಚಕನೊಬ್ಬನಿಂದಲೇ ಹಳ್ಳಿಯ ಹುಡುಗ ಮೋಸಹೋಗುವುದು ಕಡಿಮೆ. ನಡುವೆ ಪರಿಚಿತನೊಬ್ಬ ಇರುತ್ತಾನೆ. ಮಾವನ ಕಡೆಯ ಸಂಬಂಧಿ, ತಾಲ್ಲೂಕಿನಲ್ಲಿ ಓಡಾಡುವ ಮುಖಂಡನ ಶಿಷ್ಯ, ಬಸದಿಯಲ್ಲಿ ಪಕ್ಕದಲ್ಲಿಯೇ ನಿಂತು ಅಭಿಷೇಕ ನೋಡುವ ಶ್ರಾವಕ. 'ನಮ್ಮವರೇ ಇದ್ದಾರೆ, ಹಣ ಕೊಡ್ರಿ, ನಾನಿದ್ದೇನೆ' ಎಂಬ ಅವನ ಒಂದು ಮಾತಿಗೆ ತಾಯಿಯ ಬಂಗಾರ ಪತ್ತಿನ ಸಂಘದ ಕಪಾಟು ಸೇರುತ್ತದೆ, ಕಬ್ಬಿನ ಬಿಲ್ಲು ಬ್ಯಾಂಕಿನಿಂದ ನೇರವಾಗಿ ಯಾರದೋ ಖಾತೆಗೆ ಹೋಗುತ್ತದೆ. ತನಗೆ ದೊರೆತದ್ದು ಐದು ಸಾವಿರ ಮಾತ್ರ, ಮೋಸ ಮಾಡಿದವನು ಬೇರೆ ಎಂದು ಅವನು ಹೇಳಬಹುದು. ಜೈನದರ್ಶನ ಪಾಪವನ್ನು ಕೃತ, ಕಾರಿತ, ಅನುಮೋದನವೆಂದು ಮೂರು ಬಾಗಿಲುಗಳಲ್ಲಿ ಕಾಯುತ್ತದೆ. ಮಾಡಿದವನು, ಮಾಡಿಸಿದವನು, ಸರಿಯೆಂದವನು ಮೂವರಿಗೂ ಆಸ್ರವವುಂಟು. ಅಂತಹ ಹಣದಿಂದ ಪಂಚಾಮೃತ ಅಭಿಷೇಕದ ಸವಾಲು ಕೂಗಿ ಮೊದಲ ಕಲಶ ಪಡೆದವನಿಗೆ ಶಾಲು ಹೊದಿಸುವ ಸಭೆ ಮೂರನೆಯ ಬಾಗಿಲಲ್ಲಿ ನಿಂತಿದೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಯೋಗ್ಯತೆಗಳನ್ನು ಹೇಳುವಾಗ ಮೊದಲಿಗೇ ಇಟ್ಟದ್ದು ಪೂಜೆಯನ್ನಲ್ಲ, ದಾನವನ್ನೂ ಅಲ್ಲ. ನ್ಯಾಯದಿಂದ ಗಳಿಸಿದ ಧನವನ್ನು.

ಮೋಸ ಬಯಲಾದಾಗ ಊರಿನಲ್ಲಿ ಕೇಳಿಬರುವ ಮಾತೊಂದಿದೆ. 'ಆದದ್ದು ಆಯಿತು, ನಮ್ಮ ಸಮಾಜದವನೇ, ಪೋಲೀಸರವರೆಗೆ ಹೋದರೆ ಧರ್ಮಕ್ಕೆ ಕೆಟ್ಟ ಹೆಸರು, ಉಪಗೂಹನ ಮಾಡಬೇಕು.' ಸಮ್ಯಗ್ದರ್ಶನದ ಎಂಟು ಅಂಗಗಳಲ್ಲೊಂದಾದ ಉಪಗೂಹನಕ್ಕೆ ಇಷ್ಟು ದೊಡ್ಡ ಅಪಚಾರ ಬೇರೊಂದಿಲ್ಲ. ಈ ಅಂಗಕ್ಕೆ ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಹೆಸರಿಸುವುದು ಜಿನೇಂದ್ರಭಕ್ತ ಶ್ರೇಷ್ಠಿಯನ್ನು. ಅವನ ಕಥೆ ಹೀಗಿದೆ: ಶ್ರೇಷ್ಠಿಯ ಮನೆಯ ಚೈತ್ಯಾಲಯದಲ್ಲಿ ಪಾರ್ಶ್ವನಾಥ ಬಿಂಬದ ಛತ್ರತ್ರಯದ ಮೇಲೆ ಅಮೂಲ್ಯ ವೈಡೂರ್ಯವಿತ್ತು. ಕಳ್ಳನೊಬ್ಬ ಕ್ಷುಲ್ಲಕನ ವೇಷ ತೊಟ್ಟು, ಉಪವಾಸಗಳಿಂದ ದೇಹ ಸೊರಗಿಸಿಕೊಂಡು ಬಂದು ವಿಶ್ವಾಸ ಗಳಿಸಿದನು. ಶ್ರೇಷ್ಠಿ ಪ್ರಯಾಣ ಹೊರಟ ರಾತ್ರಿ ರತ್ನ ಕದ್ದು ಓಡಿದನು. ಕಾವಲುಗಾರರು ಬೆನ್ನಟ್ಟಿದಾಗ ದಾರಿಗಾಣದೆ ಶ್ರೇಷ್ಠಿಯ ಬಳಿಗೇ ಓಡಿಬಂದನು. ವೇಷಕ್ಕೆ ಅಪವಾದ ಬರಬಾರದೆಂದು ಶ್ರೇಷ್ಠಿಯು, ರತ್ನವನ್ನು ತಾನೇ ತರಿಸಿದ್ದೆಂದು ಕಾವಲುಗಾರರಿಗೆ ಹೇಳಿ ಕಳುಹಿಸಿದನು. ಬಳಿಕ ಕಳ್ಳನನ್ನು ತನ್ನ ಬಳಿಯಿಂದ ಹೊರಗಟ್ಟಿದನು.

ಈ ಕಥೆಯಲ್ಲಿ ಕಳುವಾದದ್ದು ಯಾರ ರತ್ನ? ಶ್ರೇಷ್ಠಿಯದೇ. ತನ್ನ ನಷ್ಟವನ್ನು ತಾನು ಮುಚ್ಚಿಕೊಳ್ಳುವ ಹಕ್ಕು ಅವನಿಗಿತ್ತು. ರತ್ನವೂ ಮರಳಿ ಕೈಸೇರಿತ್ತು. ಕಳ್ಳನಿಗೆ ಮತ್ತೆ ಆ ಮನೆಯಲ್ಲಿ ಸ್ಥಾನವಿರಲಿಲ್ಲ. ನೆರೆಮನೆಯ ವಿಧವೆಯ ಬಂಗಾರ ಕದ್ದವನನ್ನು ಶ್ರೇಷ್ಠಿ ಹೀಗೆ ಬಚ್ಚಿಟ್ಟಿದ್ದರೆ ಅದು ಉಪಗೂಹನವಾಗುತ್ತಿರಲಿಲ್ಲ, ಕಳ್ಳನ ಪಾಲುದಾರಿಕೆಯಾಗುತ್ತಿತ್ತು. ಹಣ ಕಳೆದುಕೊಂಡವನು ಒಬ್ಬ, ಉಪಗೂಹನ ಮಾಡುವವನು ಮತ್ತೊಬ್ಬ ಎಂಬ ಏರ್ಪಾಟು ಶಾಸ್ತ್ರದಲ್ಲಿಲ್ಲ. ಉಪಗೂಹನದ ಮರುಕ್ಷಣವೇ ಬರುವ ಅಂಗ ಸ್ಥಿತಿಕರಣ, ಜಾರಿದವನನ್ನು ಮತ್ತೆ ದಾರಿಗೆ ನಿಲ್ಲಿಸುವುದು. ಮಧ್ಯವರ್ತಿಯನ್ನು ಪಂಚರು ಕೂರಿಸಿಕೊಂಡು ಹಣ ಮರಳಿಸುವಂತೆ ಮಾಡಿದರೆ ಅದು ಸ್ಥಿತಿಕರಣ. ಅವನು ಒಪ್ಪದಿದ್ದರೆ ಠಾಣೆಯ ದಾರಿ ತೋರಿಸುವುದು ಧರ್ಮದ್ರೋಹವಲ್ಲ.

ಕೊಡುವವರ ಕಡೆಯ ಮಾತನ್ನೂ ಹೇಳಬೇಕು. ಕೆಲವರು ಮೋಸಹೋಗುವುದು ಮುಗ್ಧತೆಯಿಂದ. ಕೆಲವರು ಹಿಂಬಾಗಿಲಿನ ಆಸೆಯಿಂದ. 2021ರ ಅಕ್ಟೋಬರಿನಲ್ಲಿ 545 ಪಿ.ಎಸ್.ಐ. ಹುದ್ದೆಗಳಿಗೆ ನಡೆದ ಪರೀಕ್ಷೆಯ ಅಕ್ರಮ ಹೊರಬಿದ್ದು ಇಡೀ ಪರೀಕ್ಷೆಯೇ ರದ್ದಾದಾಗ, ಪ್ರಾಮಾಣಿಕವಾಗಿ ಓದಿದ ಎಷ್ಟೋ ಬಡ ಮಕ್ಕಳ ಶ್ರಮವೂ ಅದರೊಡನೆ ಮುಳುಗಿತು. ಹುದ್ದೆಯನ್ನು ಲಕ್ಷ ಕೊಟ್ಟು ಕೊಳ್ಳಹೊರಟ ತಂದೆಗೂ ಮಾರಹೊರಟ ದಲ್ಲಾಳಿಗೂ ಲೋಭ ಕಷಾಯ ಒಂದೇ. ಹಾಗೆಂದು ವಂಚಿತರೆಲ್ಲರನ್ನೂ 'ಆಸೆಬುರುಕರು' ಎಂದು ಜರೆಯುವುದು ನಿರ್ದಯತೆ. ಮಗನಿಗೊಂದು ಕೆಲಸ ಬೇಕೆನ್ನುವುದು ಪರಿಗ್ರಹವಲ್ಲ. ಆ ಜರೆಯುವಿಕೆಗೆ ಅಂಜಿಯೇ ಅನೇಕ ಮನೆಗಳು ನಷ್ಟವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳದ ಕಾರಣ ಅದೇ ಓಣಿಯ ಮುಂದಿನ ಮನೆ ಅದೇ ಕೈಗೆ ಸಿಕ್ಕುತ್ತದೆ.

ಈ ನಾಡಿನ ಸಮಾಜಕ್ಕೆ ಮಕ್ಕಳನ್ನು ಕೈಹಿಡಿದು ನಡೆಸುವುದು ಹೊಸದಲ್ಲ. 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಜೈನ ಸಭೆ ವಸತಿನಿಲಯ ಕಟ್ಟಿ, ವಿದ್ಯಾರ್ಥಿವೇತನ ಕೊಟ್ಟು ತಲೆಮಾರುಗಳನ್ನು ಓದಿಸಿತು. ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ 1946ರಲ್ಲಿ ಜನಿಸಿದ ಆಚಾರ್ಯ ವಿದ್ಯಾಸಾಗರ ಮುನಿಮಹಾರಾಜರು ಉತ್ತರ ಭಾರತದಲ್ಲಿ ವಿಹರಿಸುತ್ತ ಕೈಮಗ್ಗಗಳಿಗೆ ಪ್ರೇರಣೆ ನೀಡಿ, ಸೆರೆಮನೆಯಲ್ಲಿರುವವರಿಗೂ ದುಡಿದು ಉಣ್ಣುವ ದಾರಿ ತೋರಿಸಿದರು. ಚತುರ್ವಿಧ ದಾನಗಳಲ್ಲಿ ಅಭಯದಾನವೂ ಶಾಸ್ತ್ರದಾನವೂ ಇವೆ. ಬಸದಿಯ ಸಭಾಮಂಟಪದ ಫಲಕದಲ್ಲಿ ಚಾತುರ್ಮಾಸದ ಲೆಕ್ಕದ ಪಕ್ಕ, ಸೈಬರ್ ವಂಚನೆಗೆ 1930, ವಿದೇಶದ ಕೆಲಸದ ವಿಚಾರಣೆಗೆ 1800 11 3090 ಎಂಬ ಎರಡು ಸರಕಾರಿ ಸಂಖ್ಯೆಗಳನ್ನು ಬರೆಸಲು ಸುಣ್ಣದ ಕಡ್ಡಿಯ ಖರ್ಚು ಸಾಕು. ನಿವೃತ್ತ ನೌಕರರೊಬ್ಬರು ಭಾನುವಾರ ಸ್ವಾಧ್ಯಾಯದ ನಂತರ ಅರ್ಧ ತಾಸು ಕುಳಿತು ಹುಡುಗರು ತಂದ ನೇಮಕಪತ್ರಗಳನ್ನು ಓದಿ ನೋಡಿದರೆ ಎಷ್ಟೋ ಮನೆಗಳ ಬಂಗಾರ ಮನೆಯಲ್ಲಿಯೇ ಉಳಿದೀತು.

ಭಾದ್ರಪದದ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬರುತ್ತದೆ. ಅಂದು ಮಧ್ಯವರ್ತಿಯೂ ಬಿಳಿಯ ಧೋತರ ಉಟ್ಟು ಎಲ್ಲರ ಮುಂದೆ ಕೈಜೋಡಿಸುತ್ತಾನೆ. ಹಣ ಕಳೆದುಕೊಂಡ ಮನೆಯ ಯಜಮಾನನೂ ಕೈಜೋಡಿಸಿ, ಕ್ಷಮಿಸಿದೆ ಎನ್ನುತ್ತಾನೆ. ಶ್ರಾವಕನಾದವನು ಮನದಲ್ಲಿ ವೈರವಿಟ್ಟುಕೊಳ್ಳಲಾರನು. ಮರುದಿನ ಬೆಳಿಗ್ಗೆ ಅವನು ಬಡ್ಡಿ ಕಟ್ಟಲು ಪತ್ತಿನ ಸಂಘದ ಬಾಗಿಲಲ್ಲಿ ನಿಂತಿರುತ್ತಾನೆ.