ಹಾಜರ್ ಸರ್!

ಮೊಮ್ಮಗಳು ಈ ಸಲ ಕುಮಟಾದಲ್ಲೇ ಬಿ.ಕಾಂ.ಗೆ ಸೇರಿದ್ದಾಳೆ. ಮೊದಲ ದಿನ ಖುಷಿಯಿಂದ ಹೋದವಳು ನಾಲ್ಕನೆಯ ದಿನ ಸಂಜೆ ಒದ್ದೆ ಕೊಡೆಯನ್ನು ಮೂಲೆಗಿಟ್ಟು ಜಗಲಿಯಲ್ಲಿ ಸುಮ್ಮನೆ ಕೂತಳು. ಅಜ್ಜಿ ಕೊಟ್ಟ ಚಹಾ ಆರುತ್ತಿತ್ತು.

“ಏನಾಯ್ತು ತಂಗೀ?”

“ಎಲ್ಲರೂ ಪಿಯುಸಿಯಿಂದಲೇ ಒಟ್ಟಿಗೆ ಇದ್ದವರು ಅಜ್ಜಾ. ನಾನೊಬ್ಬಳೇ ಸಾಯನ್ಸ್ ಓದಿ ಬಂದವಳು. ಅಕೌಂಟ್ಸ್ ಒಂದಕ್ಷರ ಅರ್ಥವಾಗೋದಿಲ್ಲ. ಕೇಳಿದ್ರೆ ನಗ್ತಾರೆ.”

ನಗುವ ಮಾತು ಬಂದಾಗ ನನಗೆ 1969ರ ಜೂನ್ ನೆನಪಾಯಿತು.

ಅಘನಾಶಿನಿ ಹೊಳೆಯಂಚಿನ ಹಳ್ಳಿಯಲ್ಲಿ, ಕನ್ನಡದಲ್ಲೇ ಓದಿ ಬಂದವನು ನಾನು. ಕಾಲೇಜಿನಲ್ಲಿ ಹೆಸರು ಕರೆದಾಗ ಶಾಲೆಯ ರೂಢಿಯಂತೆ ಎದ್ದು ನಿಂತು “ಹಾಜರ್ ಸರ್” ಎಂದು ಕೂಗಿಬಿಟ್ಟೆ. ಉಳಿದವರೆಲ್ಲ ‘ಪ್ರೆಸೆಂಟ್’ ಅನ್ನುವವರು. ಇಡೀ ಕ್ಲಾಸು ಗೊಳ್ಳೆಂದಿತು. ಅಂದಿನಿಂದ ಕೊನೆಯ ಬೆಂಚು. ಡೆಬಿಟ್, ಕ್ರೆಡಿಟ್ ಎಂದು ಬೋರ್ಡಿನ ಮೇಲಿದ್ದುದನ್ನು ನಕಲು ಮಾಡುವುದು, ಗಂಟೆ ಹೊಡೆದೊಡನೆ ಓಡುವುದು. ಕಾಲೇಜು ಬಿಟ್ಟು ಗದ್ದೆ ಕೆಲಸಕ್ಕೆ ಹೋಗುತ್ತೇನೆಂದು ಆಯಿಯ ಹತ್ತಿರ ಹೇಳಿಯೂ ಆಗಿತ್ತು.

ಶನಿವಾರ ಮಳೆಗೆ ಪೇಟೆಯ ಜೀನಸಿ ಅಂಗಡಿಯೊಂದರ ಮಾಡಿನಡಿ ನಿಂತಿದ್ದೆ. ಗಾದಿಯ ಮೇಲೆ ಲೆಕ್ಕ ಬರೆಯುತ್ತಿದ್ದವನು ನನ್ನ ಕ್ಲಾಸಿನವನೇ, ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು! ಒಳಗೆ ಕರೆದ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದ, “ಆ ಜರ್ನಲ್ ಅಂದ್ರೆ ಎಂತದೋ? ನಿಂಗೆ ತಿಳೀತಾ?”

ಅವನಿಗೂ ತಿಳಿದಿರಲಿಲ್ಲ! ನನ್ನ ಹತ್ತಿರ ಹೈಸ್ಕೂಲು ಮಾಸ್ತರರು ಕೊಟ್ಟ ಹಳೇ ಇಂಗ್ಲಿಷ್ ಡಿಕ್ಷನರಿ ಇತ್ತು. ಹುಡುಕಿದೆವು. ಅವನ ತಂದೆ ನಕ್ಕು ಮುಂದಿದ್ದ ಪುಸ್ತಕ ತಟ್ಟಿದರು: “ಇದೇ ಅಲ್ಲವೋ ಕಿರ್ದಿ! ಅಲ್ಲಿಂದ ತೆಗೆದು ಒಬ್ಬೊಬ್ಬರ ಖಾತೆಗೆ ಬರೆದರೆ ಖತಾವಣಿ, ನಿಮ್ಮ ಲೆಡ್ಜರು. ಗಿರಾಕಿ ಕೊಟ್ಟದ್ದು ಅವನ ಹೆಸರಿಗೆ ಜಮಾ, ಒಯ್ದದ್ದು ಅವನ ಹೆಸರಿಗೆ ಖರ್ಚು.” ಜಮಾ ಎಂದರೆ ಕ್ರೆಡಿಟ್, ಖರ್ಚು ಎಂದರೆ ಡೆಬಿಟ್. ಇಟಲಿಯ ಲೂಕಾ ಪಾಚೋಲಿ 1494ರಲ್ಲಿ ಅಚ್ಚು ಹಾಕಿಸಿದ ಜಮಾಖರ್ಚಿನ ಪದ್ಧತಿ ನನ್ನ ತಲೆಗೆ ಹತ್ತಿದ್ದು ಕುಮಟಾ ಪೇಟೆಯಲ್ಲಿ, ಬೆಲ್ಲದ ಡಬ್ಬಿಗಳ ನಡುವೆ. ಸೋಮವಾರ ಇಬ್ಬರೂ ಎರಡನೆಯ ಬೆಂಚಿಗೆ ಹೋದೆವು.

ನಮಗಾದರೆ ಪರೀಕ್ಷೆ ವರ್ಷದ ಕೊನೆಗೆ. ಮೊದಲ ತಿಂಗಳು ಕಣ್ಣುಕಣ್ಣು ಬಿಟ್ಟರೂ ನಡೆಯುತ್ತಿತ್ತು. ಈಗ ಸೆಮಿಸ್ಟರು, ಇಂಟರ್ನಲ್ ಮಾರ್ಕು. ಹುಡುಗಿಗೆ ಅಷ್ಟು ಪುರುಸೊತ್ತಿಲ್ಲ. “ನಾಳೆ ಸರ್ ಹತ್ತಿರ ಬೇಡ, ಪಕ್ಕದವಳ ಹತ್ತಿರ ಕೇಳಿ ನೋಡು” ಎಂದೆ.

ಮರುದಿನ ಮಿರ್ಜಾನ ಕಡೆಯ ಹುಡುಗಿಯೊಬ್ಬಳನ್ನು ಕರೆದುಕೊಂಡೇ ಬಂದಳು. ಅವಳು ಪಿಯುಸಿಯಲ್ಲಿ ಕಾಮರ್ಸೇ ಓದಿದವಳು. ಗಣಿತ ಎಂದರೆ ಮಾತ್ರ ಹೆದರಿಕೆಯಂತೆ. ಇಬ್ಬರೂ ಜಗಲಿಯಲ್ಲಿ ಪುಸ್ತಕ ಹರಡಿದರು. ಆ ಹುಡುಗಿಯೇ ಕೇಳಿದಳು, “ಅಜ್ಜಾ, ಬ್ಯಾಂಕಿಗೆ ದುಡ್ಡು ಕಟ್ಟಿದ್ರೆ ನಮ್ಮ ಪುಸ್ತಕದಲ್ಲಿ ಬ್ಯಾಂಕಿಗೆ ಡೆಬಿಟ್. ಮತ್ತೆ ಪಾಸ್‌ಬುಕ್ಕಿನಲ್ಲಿ ಕ್ರೆಡಿಟ್ ಅಂತ ಯಾಕಿರ್ತದೆ?”

“ಪಾಸ್‌ಬುಕ್ಕು ಬ್ಯಾಂಕಿನವರ ಲೆಕ್ಕ ತಂಗೀ. ಅಲ್ಲಿ ನೀನು ಕೊಟ್ಟವಳು, ಅವರು ನಿನಗೆ ಸಾಲಗಾರರು” ಎಂದೆ. ಬ್ಯಾಂಕು ತನಗೆ ಸಾಲಗಾರ ಎಂದು ಕೇಳಿ ಆ ಹುಡುಗಿ ನಕ್ಕದ್ದೇ ನಕ್ಕದ್ದು. ಮೊಮ್ಮಗಳೂ ನಕ್ಕಳು.