ಮನದ ಮಾತು: ಅತ್ತೆಯನ್ನು ಕೇಳಿದಿರಾ?

ಹಿರೇಕೆರೂರಿನಿಂದ ಸೋದರಿಯೊಬ್ಬರು ಬರೆದಿದ್ದಾರೆ. ಮನೆಯ ನಾಲ್ವರು ಗಂಡುಮಕ್ಕಳು ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲಿ ಬೇರೆಬೇರೆ ಸಂಸಾರ ಹೂಡಿದ್ದಾರೆ. ಎಂಬತ್ತರ ಅಂಚಿನ ಅತ್ತೆಗೆ ಒಂದೊಂದು ಮನೆಯಲ್ಲಿ ಮೂರು ತಿಂಗಳ ಪಾಳಿ. “ಯಾರೂ ಕಡಿಮೆ ಮಾಡಿಲ್ರೀ ಅಕ್ಕಾ. ಕೂತಲ್ಲೇ ಊಟ, ಹೊತ್ತಿಗೆ ಬಿಸಿನೀರು. ಕಡ್ಡಿ ಎತ್ತಲಿಕ್ಕೂ ಬಿಡೂದಿಲ್ಲ. ಆದರೂ ಮಂಕಾಗ್ಯಾರ. ಏನು ಕೇಳಿದರೂ ‘ನೀ ಹೆಂಗ ಅಂತೀ ಹಂಗವಾ’ ಅಂತಾರ. ನಾವು ಎಲ್ಲಿ ತಪ್ಪಿದಿವಿ?”

ತಂಗೀ, ಪ್ರೀತಿಯಲ್ಲಿ ನೀವು ತಪ್ಪಿಲ್ಲ. ಆದರೆ ಮುಂದಿನ ಪಾಳಿ ಯಾರ ಮನೆಗೆ, ಯಾವತ್ತು ಎಂದು ಅವರನ್ನು ಯಾರಾದರೂ ಕೇಳಿದ್ದೀರಾ?

‘ನನ್ನ ದಿನ ನನ್ನ ಕೈಯಲ್ಲಿದೆ’ ಎಂಬ ಭಾವನೆ ಮನಸ್ಸಿಗೆ ಅನ್ನವಿದ್ದಂತೆ. ಅಮೆರಿಕದ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ವೃದ್ಧಾಶ್ರಮವೊಂದರಲ್ಲಿ ಮಾಡಿದ ಪ್ರಯೋಗವನ್ನು 1976ರಲ್ಲಿ ಪ್ರಕಟಿಸಿದರು. ಒಂದು ಮಹಡಿಯವರಿಗೆ, ಕೋಣೆ ಹೇಗಿರಬೇಕು, ಸಿನಿಮಾ ಯಾವತ್ತು ನೋಡಬೇಕು ಎಂಬುದನ್ನು ನೀವೇ ತೀರ್ಮಾನಿಸಿ, ಈ ಗಿಡವನ್ನು ನೀವೇ ಸಾಕಿ ಎಂದರು. ಇನ್ನೊಂದು ಮಹಡಿಯವರಿಗೂ ಗಿಡ ಸಿಕ್ಕಿತು. ಆದರೆ ನೀರೆರೆದವರು ದಾದಿಯರು. ಮೂರು ವಾರ ಕಳೆಯುವಷ್ಟರಲ್ಲಿ ಮೊದಲ ಮಹಡಿಯವರೇ ಹೆಚ್ಚು ಗೆಲುವಾಗಿ, ಚುರುಕಾಗಿ ಕಂಡರು. ಆರೈಕೆ ಎರಡೂ ಕಡೆ ಇತ್ತು, ಹಿಡಿತ ಒಂದೇ ಕಡೆ. ಸಣ್ಣ ಪ್ರಯೋಗವೇ ನಿಜ, ಆದರೆ ನಮ್ಮ ಮನೆಗಳಿಗೂ ಅದರಲ್ಲಿ ಪಾಠವಿದೆ.

ಮೊದಲು ಒಮ್ಮೆ ವೈದ್ಯರಿಗೆ ತೋರಿಸಿ. ಮಂಕಿಗೆ ಕಾಯಿಲೆಯೂ ಕಾರಣವಿರಬಹುದು. ಆಮೇಲೆ ಸಣ್ಣದರಿಂದ ಆರಂಭಿಸಿ. ಹೀರೆಕಾಯಿ, ಬದನೆಕಾಯಿ ಎರಡನ್ನೂ ಮುಂದಿಟ್ಟು, “ಇವತ್ತು ಯಾವ ಪಲ್ಯ ಮಾಡಲಿ ಅತ್ತೀ?” ಅನ್ನಿ. ಹಳೆಯ ಉತ್ತರವೇ ಬಂದರೆ ಅವಸರಪಡದೆ ಪಕ್ಕದಲ್ಲಿ ಕೂತು ಕಾಯಿರಿ. ಸೊಪ್ಪು ಸೋಸುತ್ತೇನೆ ಎಂದರೆ ಬುಟ್ಟಿ ಕಸಿದುಕೊಳ್ಳಬೇಡಿ. ಪಿಂಚಣಿ ಬರುತ್ತಿದ್ದರೆ ದುಡ್ಡು ಅವರ ಸಂಚಿಯಲ್ಲೇ ಇರಲಿ. ಸವಣೂರಿನ ಎಲೆ ಬೇಕೆಂದರೆ ಅವರೇ ಆರಿಸಿ ಕೊಳ್ಳಲಿ.

ಕೊನೆಗೆ, ನಾಲ್ಕೂ ಮನೆಯವರು ಒಟ್ಟಿಗೆ ಕೂತು ಪಾಳಿಯ ಮಾತು ಎತ್ತಿ. 2023ರಿಂದ ನಮ್ಮ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ಜೊತೆಗೊಬ್ಬರು ಹೋದರಾಯಿತು, ಯಾವಾಗ ಹೋಗಬೇಕು, ಎಷ್ಟು ದಿನ ಇರಬೇಕು ಎಂಬುದನ್ನು ಅವರೇ ಹೇಳಲಿ.

‘ಇನ್ನು ಎಲ್ಲೂ ಬರೂದಿಲ್ಲ, ಸವಣೂರಾಗ ಇರ್ತೀನಿ’ ಅಂದುಬಿಟ್ಟಾರು. ಉಳಿದ ಮೂರು ಮನೆಗಳಿಗೆ ಅದು ನೋವಾದೀತು. ಆದರೂ ಕೇಳಿದ ಮೇಲೆ ನಡೆಸಿಕೊಡಬೇಕು, ತಂಗೀ. ಬರಿ ಹೂಂ ಅನ್ನಿಸಿಕೊಳ್ಳಲು ಕೇಳಿದರೆ ಅದು ಕೇಳಿದಂತಲ್ಲ.